ಒಂದೇ ಇಸವಿ, ಎರಡು ಸಮುದ್ರ ಮಟ್ಟ: ಹಳೆಯ ಬ್ರಿಟಿಷ್ ಪೆನ್ನಿಗಳ ಗುರುತು

ಪ್ರಶ್ನೆ: ತಾತನ ಟ್ರಂಕಿನಲ್ಲಿ ಬ್ರಿಟನ್ನಿನ ಐದು ಕಂಚಿನ ಪೆನ್ನಿಗಳು ಸಿಕ್ಕಿವೆ. 1860, 1882 ಮತ್ತು 1895ರವು ಒಂದೊಂದು, 1902ರವು ಎರಡು. 1902ರ ಎರಡೂ ನನ್ನ ಕಣ್ಣಿಗೆ ಒಂದೇ. ಆದರೆ ನಾಣ್ಯ ಕೊಳ್ಳುವವರೊಬ್ಬರು ಒಂದಕ್ಕೆ ಮಾತ್ರ ಹೆಚ್ಚು ಬೆಲೆ ಹೇಳಿದರು, ಕಾರಣ ತಿಳಿಸಲಿಲ್ಲ. ವ್ಯತ್ಯಾಸ ಗುರುತಿಸುವುದು ಹೇಗೆ? ಹುಣಸೆಹಣ್ಣಿನಿಂದ ತೊಳೆದರೆ ಚೆನ್ನಾಗಿ ಕಾಣಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ತೊಳೆಯಬೇಡಿ. ತಾಮ್ರದ ಚೊಂಬಿಗೆ ಹೊಳಪು ಕೊಡುವ ಹುಣಸೆಯ ಹುಳಿ ನಾಣ್ಯದ ಕಂದು ಪದರವನ್ನು ಕಿತ್ತು ಹಾಕುತ್ತದೆ. ನೂರು ವರ್ಷಗಳಲ್ಲಿ ಕೂಡಿದ ಆ ಬಣ್ಣ ಮತ್ತೆ ಬರುವುದಿಲ್ಲ, ಬೆಲೆಯೂ ಅದರ ಜೊತೆಗೇ ಹೋಗುತ್ತದೆ. ಅಂಚನ್ನು ಮಾತ್ರ ಹಿಡಿದು, ಒಂದು ಪಕ್ಕದಿಂದ ಬೆಳಕು ಬೀಳುವಂತೆ ಓರೆಯಾಗಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ನೋಡಿ. ಸವೆದ ಗೆರೆಗಳೂ ಎದ್ದು ಕಾಣುತ್ತವೆ.

ಈಗ 1902ರ ಜೋಡಿ. ಎರಡನ್ನೂ ಹಿಂಬದಿ ಮೇಲಾಗಿ ಅಕ್ಕಪಕ್ಕ ಇಡಿ. ತ್ರಿಶೂಲ, ಗುರಾಣಿ ಹಿಡಿದು ಕುಳಿತ ಬ್ರಿಟಾನಿಯಾಳ (ಬ್ರಿಟನ್ ದೇಶದ ಸಂಕೇತವಾದ ಸ್ತ್ರೀರೂಪ) ಹಿಂದೆ ಸಮುದ್ರದ ಗೆರೆ ಇದೆ. ಅವಳ ಕಾಲುಗಳು ಒಂದನ್ನೊಂದು ದಾಟುವ ಜಾಗವನ್ನು ಹುಡುಕಿ, ನೀರಿನ ಗೆರೆ ಎಲ್ಲಿಗೆ ಬಂದು ಮುಟ್ಟುತ್ತದೆ ಎಂದು ಗಮನಿಸಿ. ಸರಿಯಾಗಿ ಆ ಮಟ್ಟದಲ್ಲೇ ಇದ್ದರೆ ಸಾಮಾನ್ಯ ನಾಣ್ಯ, ಸಂಗ್ರಾಹಕರ ಮಾತಿನಲ್ಲಿ ‘ಹೈ ಟೈಡ್’. ಅದಕ್ಕಿಂತ ಕೆಳಗಿದ್ದರೆ ‘ಲೋ ಟೈಡ್’, ಅಂದರೆ ವಿರಳವಾದದ್ದು. ಏಳನೇ ಎಡ್ವರ್ಡ್‌ನ ಹೊಸ ಮುಖಕ್ಕೆ ವಿಕ್ಟೋರಿಯಾಳ ಕೊನೆಯ ವರ್ಷಗಳ ಹಿಂಬದಿಯ ವಿನ್ಯಾಸವನ್ನೇ ಜೋಡಿಸಿ ಒಂದಿಷ್ಟು ಪೆನ್ನಿಗಳನ್ನು ಒತ್ತಿದ್ದರಿಂದ ಈ ಬಗೆ ಹುಟ್ಟಿತು. ರಾಜ ಬದಲಾದ ಹೊತ್ತಿನ ಟಂಕಸಾಲೆಯ ಕೆಲಸವನ್ನು ಹೀಗೆ ಕೈಯಲ್ಲೇ ಹಿಡಿದು ನೋಡಬಹುದು. ಬೆಲೆಗಿಂತ ಈ ಕಾರಣಕ್ಕೇ ಅದು ನನಗೆ ಪ್ರಿಯ. ನಿಮಗೆ ಹೆಚ್ಚು ಬೆಲೆ ಹೇಳಿದವರು ಬಹುಶಃ ಇದನ್ನೇ ಕಂಡಿರಬೇಕು.

1895ರದ್ದರಲ್ಲಿ ತ್ರಿಶೂಲದ ತುದಿಯಿಂದ ‘ಪೆನ್ನಿ’ ಎಂಬ ಪದದ ಮೊದಲ ಅಕ್ಷರ ‘ಪಿ’ವರೆಗಿನ ಅಂತರವನ್ನು ಅಳೆಯಿರಿ. ಸುಮಾರು 1 ಮಿಲಿಮೀಟರ್ ಇದ್ದರೆ ಮಾಮೂಲಿ. 2 ಮಿಲಿಮೀಟರ್ ಇದ್ದರೆ ವಿರಳ. ಅಂದಾಜಿನಲ್ಲಿ ನಂಬಬೇಡಿ, ನಾಣ್ಯಕ್ಕೆ ಗೀರು ಬೀಳದಂತೆ ಪ್ಲಾಸ್ಟಿಕ್ ಅಳತೆಪಟ್ಟಿ ಇಟ್ಟು ನೋಡಿ.

1882ರ ವಿಷಯದಲ್ಲಿ ಸ್ವಲ್ಪ ಅನುಮಾನವಿರಲಿ. ಆ ವರ್ಷ ಲಂಡನ್ನಿನ ರಾಯಲ್ ಮಿಂಟ್ ಯಂತ್ರಗಳ ನವೀಕರಣಕ್ಕಾಗಿ ಬಹುಕಾಲ ಮುಚ್ಚಿತ್ತು. ಪೆನ್ನಿಗಳನ್ನು ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆ ಒತ್ತಿತು. ಅದರ ಗುರುತಾದ ‘ಎಚ್’ ಇಸವಿಯ ಕೆಳಗೆ ಇರುತ್ತದೆ. ‘ಎಚ್’ ಇಲ್ಲದ 1882ರ ಪೆನ್ನಿ ತೀರಾ ಅಪರೂಪವಾದ್ದರಿಂದ ಅಕ್ಷರವನ್ನು ಕೆರೆದು ತೆಗೆದು ಮಾರುವವರಿದ್ದಾರೆ. ಸುಮ್ಮನೆ ಸವೆದು ಮಾಯವಾದದ್ದೂ ಉಂಟು. ಇಸವಿಯ ಅಡಿಯ ಜಾಗ ಸುತ್ತಲಿಗಿಂತ ತಗ್ಗಾಗಿದೆಯೇ, ಗೀರುಗಳಿವೆಯೇ ಎಂದು ನೋಡಿ. ಇಡೀ ನಾಣ್ಯ ಸವೆದಿದ್ದರೆ ‘ಎಚ್ ಇಲ್ಲ’ ಎಂಬ ತೀರ್ಮಾನಕ್ಕೆ ಬರಲೇಬೇಡಿ.

1860 ತಾಮ್ರದ ಬದಲು ಕಂಚು ಬಂದ ವರ್ಷ. ಲಿಯೊನಾರ್ಡ್ ಚಾರ್ಲ್ಸ್ ವಯನ್ ರೂಪಿಸಿದ, ತುರುಬು ಕಟ್ಟಿದ ಯುವ ವಿಕ್ಟೋರಿಯಾ ಅದರ ಮೇಲಿದ್ದಾಳೆ. ಇಲ್ಲಿ ಕಣ್ಣು ಹಾಯಿಸಬೇಕಾದದ್ದು ಅಂಚಿನ ಒಳಗಿನ ಸಾಲಿಗೆ: ದುಂಡಗಿನ ಮಣಿಗಳೋ, ಉದ್ದನೆಯ ಹಲ್ಲುಗಳೋ? ಎರಡೂ ಬಗೆಗಳು ಅದೇ ವರ್ಷ ಬಂದವು. ಎರಡೂ ಬದಿಗಳನ್ನು ಹೋಲಿಸಿ ನೋಡುವುದನ್ನು ಮರೆಯಬೇಡಿ. ಒಂದು ಬದಿಗೆ ಮಣಿ, ಇನ್ನೊಂದಕ್ಕೆ ಹಲ್ಲು ಇರುವ ಬೆರಕೆ ನಾಣ್ಯಗಳಿವೆ, ಅವು ಬಹಳ ವಿರಳ.

ಐದನ್ನೂ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಸವೆಯದ ಪೆನ್ನಿ ಸುಮಾರು 9.4 ಗ್ರಾಂ, ಅಡ್ಡಳತೆ 31 ಮಿಲಿಮೀಟರಿಗೆ ತುಸು ಕಡಿಮೆ. ತೀರಾ ಹಗುರವಾಗಿದ್ದು ಅಕ್ಷರಗಳೂ ಮೊದ್ದಾಗಿದ್ದರೆ ಎರಕ ಹೊಯ್ದ ನಕಲಿರಬಹುದು. ಮಾರುವ ಯೋಚನೆ ಇದ್ದರೆ 1902ರ ಜೋಡಿಯ ಹಿಂಬದಿಯನ್ನು ಒಂದೇ ಚಿತ್ರದಲ್ಲಿ ತೆಗೆದು ಇಬ್ಬರು, ಮೂವರು ವ್ಯಾಪಾರಿಗಳಿಗೆ ತೋರಿಸಿ. ಲೋ ಟೈಡ್ ಎಂದು ನೀವೇ ಹೆಸರಿಟ್ಟು ಬೆಲೆ ಕೇಳಿ.