ಹಡಗಿನಿಂದ ಸುದ್ದಿ ಬಾರದಾಗ: ನಾವಿಕರ ತಾಯಂದಿರ ಪ್ರಶ್ನೆಗಳಿಗೆ ಉತ್ತರ

ಯುದ್ಧನೌಕೆಗಳಲ್ಲಿ ಸೇವೆ ಸಲ್ಲಿಸುತ್ತಿರುವ ನಾವಿಕರ ತಾಯಂದಿರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ನಾವಿಕ ಕುಟುಂಬಗಳ ಆಪ್ತಸಮಾಲೋಚಕರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಹಡಗು ಹೊರಟ ಹೊಸದರಲ್ಲಿ ಮಗನಿಂದ ಎರಡು ಮೂರು ದಿನಕ್ಕೊಮ್ಮೆ ಸಂದೇಶ ಬರುತ್ತಿತ್ತು. ಈಗ ಎರಡು ವಾರದಿಂದ ಏನೂ ಇಲ್ಲ. ಅದೇ ಹಡಗಿನ ಹುಡುಗರ ತಾಯಂದಿರೆಲ್ಲ ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಒಬ್ಬರು ಹಡಗಿನಲ್ಲಿ ಬೆಂಕಿ ಬಿದ್ದಿದೆಯಂತೆ ಎನ್ನುತ್ತಾರೆ, ಇನ್ನೊಬ್ಬರು ಯುದ್ಧದ ಜಾಗಕ್ಕೆ ಕಳುಹಿಸಿದ್ದಾರಂತೆ ಎನ್ನುತ್ತಾರೆ. ಗುಂಪಿನಲ್ಲಿದ್ದರೆ ಭಯ, ಬಿಟ್ಟರೆ ಒಂಟಿತನ. ಏನು ಮಾಡಲಿ?

ಉತ್ತರ: ಗುಂಪನ್ನು ಬಿಡಬೇಡಿ. ಆದರೆ ಅಲ್ಲಿ ಸಂಗವನ್ನು ಹುಡುಕಿ, ಸುದ್ದಿಯನ್ನು ಹುಡುಕಬೇಡಿ. ಈ ಎರಡನ್ನೂ ಒಂದೇ ಕಡೆ ಬಯಸಿದ್ದರಿಂದಲೇ ನಿಮಗೆ ಈ ಸಂಕಟ ಬಂದಿದೆ.

ಮೊದಲು ಈ ಮೌನದ ಕಾರಣ ನೋಡೋಣ. ಹಡಗಿನಿಂದ ಹೊರಡುವ ರೇಡಿಯೊ, ರೇಡಾರ್ ಅಥವಾ ಉಪಗ್ರಹ ಸಂಕೇತವನ್ನು ಹಿಡಿದರೆ ಹಡಗು ಎಲ್ಲಿದೆ ಎಂದು ದೂರದಿಂದಲೇ ಪತ್ತೆ ಮಾಡಬಹುದು. ಹಾಗಾಗಿ ಯುದ್ಧನೌಕೆಗಳು ಆಗಾಗ ಸಂಕೇತಗಳನ್ನು ತಗ್ಗಿಸಿ ಅಥವಾ ನಿಲ್ಲಿಸಿ ಸಾಗುತ್ತವೆ. ಬರಿಯ ಸಮರಾಭ್ಯಾಸಕ್ಕೂ ಹೀಗೆ ಮಾಡುತ್ತಾರೆ. ಹಡಗಿನ ಇಂಟರ್‌ನೆಟ್‌ ಮೊದಲು ಸಲ್ಲುವುದು ಹಡಗಿನ ಕೆಲಸಕ್ಕೆ. ನಾವಿಕರ ಖಾಸಗಿ ಸಂದೇಶಗಳಿಗೆ ಉಳಿದದ್ದು ಮಾತ್ರ. ಸಂಪರ್ಕ ಇದ್ದಾಗಲೂ ಹುಡುಗ ಕಾವಲು ಪಾಳಿಯಲ್ಲಿರಬಹುದು. ಹಗಲು ರಾತ್ರಿಯೆನ್ನದೆ ಪಾಳಿ ಬದಲಾಗುತ್ತಿದ್ದರೆ ಪಾಳಿ ಮುಗಿದ ಮೇಲೆ ಅವನಿಗೆ ಬೇಕಾಗುವುದು ನಿದ್ದೆ. 'ಚೆನ್ನಾಗಿದ್ದೇನೆ' ಎಂಬ ಒಂದೇ ಮಾತಿನ ಉತ್ತರ ಬಂದರೆ ಅದರಲ್ಲಿ ಮುನಿಸನ್ನು ಹುಡುಕಬೇಡಿ.

ಇನ್ನೊಂದು ಕಾರಣವನ್ನು ತಾಯಂದಿರಿಂದ ಮುಚ್ಚಿಡುವುದು ನನಗೆ ಸರಿಯೆನಿಸುವುದಿಲ್ಲ. ಹಡಗಿನಲ್ಲಿ ಯಾರಿಗಾದರೂ ತೀವ್ರ ಗಾಯವಾದರೆ ಅಥವಾ ಸಾವು ಸಂಭವಿಸಿದರೆ, ಆ ಮನೆಯವರಿಗೆ ಅಧಿಕೃತವಾಗಿ ತಿಳಿಸುವವರೆಗೆ ಎಲ್ಲರ ಸಂಪರ್ಕವನ್ನೂ ನಿಲ್ಲಿಸುವುದುಂಟು. ಹೆತ್ತವರಿಗೆ ಅಂಥ ಸುದ್ದಿ ಯಾರದೋ ಮೊಬೈಲಿನಿಂದ ತಲುಪಬಾರದು ಎಂಬುದೇ ಇದರ ಉದ್ದೇಶ. ಆದರೆ ಮೌನಗಳಲ್ಲಿ ಬಹುಪಾಲು ಈ ಬಗೆಯವಲ್ಲ. ನಿಮ್ಮ ಮನೆಗೆ ಸಂಬಂಧಿಸಿದ ಕೆಟ್ಟ ಸುದ್ದಿ ಇದ್ದರೆ ಅದು ನೌಕಾಪಡೆಯಿಂದ ನೇರವಾಗಿ ನಿಮಗೇ ಬರುತ್ತದೆ, ಗುಂಪಿನ ಮೂಲಕ ಅಲ್ಲ.

ಮಕ್ಕಳು ಜಲಾಂತರ್ಗಾಮಿಗಳಲ್ಲಿರುವ ತಾಯಂದಿರ ಪಾಡು ಇನ್ನೂ ಕಠಿಣ. ಸಾಮಾನ್ಯ ರೇಡಿಯೊ ತರಂಗಗಳು ಸಮುದ್ರದ ನೀರಿನೊಳಗೆ ಇಳಿಯುವುದಿಲ್ಲ. ಅತಿ ಕಡಿಮೆ ಆವರ್ತನದ ತರಂಗಗಳು ಮಾತ್ರ ಸ್ವಲ್ಪ ಆಳಕ್ಕೆ ತಲುಪುತ್ತವೆ, ಅವು ಹೊತ್ತು ತರಬಲ್ಲದ್ದು ಚಿಕ್ಕ ಬರಹಗಳನ್ನಷ್ಟೇ. ಬ್ರಿಟನ್ನಿನ ಅಣುಕ್ಷಿಪಣಿ ಜಲಾಂತರ್ಗಾಮಿಗಳ ಸಿಬ್ಬಂದಿಗೆ ಮನೆಯಿಂದ ವಾರಕ್ಕೆ 120 ಪದಗಳ ಒಂದು ಸಂದೇಶ ಹೋಗುತ್ತದೆ, ಅಲ್ಲಿಂದ ಮರು ಉತ್ತರ ಬರುವುದಿಲ್ಲ. ತಿಂಗಳುಗಟ್ಟಲೆ ಹೀಗೆಯೇ ನಡೆಯುತ್ತದೆ. ಆ ತಾಯಂದಿರಿಗೆ ಮೌನವೆಂದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ಈಗ ವದಂತಿಯ ಮಾತು. 1942ರ ನವೆಂಬರ್‌ನಲ್ಲಿ ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಬಳಿ ಅಮೆರಿಕದ ಜುನೋ ಎಂಬ ಯುದ್ಧನೌಕೆ ಮುಳುಗಿತು. ಅದರಲ್ಲಿ ಅಯೋವಾ ರಾಜ್ಯದ ಸಲಿವನ್ ಮನೆತನದ ಐವರು ಅಣ್ಣತಮ್ಮಂದಿರಿದ್ದರು. ಹಡಗು ಮುಳುಗಿದ ಸಂಗತಿಯನ್ನು ಯುದ್ಧಕಾಲದ ಗುಟ್ಟೆಂದು ನೌಕಾಪಡೆ ಹೊರಗೆ ಬಿಟ್ಟಿರಲಿಲ್ಲ. ಮಕ್ಕಳ ಪತ್ರಗಳು ನಿಂತುಹೋಗಿದ್ದವು. ಅದೇ ಊರಿನ ಇನ್ನೊಬ್ಬ ತಾಯಿ, ತನ್ನ ಮಗ ಬರೆದ ಪತ್ರದಲ್ಲಿ ನಿಮ್ಮ ಐವರೂ ಹೋದರೆಂದು ಇದೆ ಎಂದು ಬಂದು ಹೇಳಿದಳು. ಐವರ ತಾಯಿ ಅಲೆಟಾ ಸಲಿವನ್ 1943ರ ಜನವರಿಯಲ್ಲಿ ನೌಕಾಪಡೆಗೆ ಪತ್ರ ಬರೆದು ಈ ಮಾತು ನಿಜವೇ ಎಂದು ಕೇಳಿದಳು. ಅದೇ ತಿಂಗಳ 12ರಂದು ಸಮವಸ್ತ್ರದಲ್ಲಿದ್ದವರು ಮನೆಗೆ ಬಂದು ತಿಳಿಸಿದರು. ಆ ವದಂತಿ ನಿಜವಾಗಿತ್ತು.

ಅದಕ್ಕೆ ವಿರುದ್ಧವಾದದ್ದನ್ನೂ ನೋಡಿ. 2024ರಲ್ಲಿ ಕೆಂಪು ಸಮುದ್ರದಲ್ಲಿದ್ದ ಅಮೆರಿಕದ ಐಸೆನ್‌ಹೋವರ್ ವಿಮಾನವಾಹಕ ನೌಕೆಗೆ ಕ್ಷಿಪಣಿ ಬಡಿದಿದೆ, ಅದು ಮುಳುಗಿದೆ ಎಂಬ ಸುಳ್ಳುಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದವು. ಸಾವಿರಾರು ಮನೆಗಳು ಅದನ್ನು ಓದಿದ್ದಿರಬೇಕು. ಹಡಗಿಗೆ ಏನೂ ಆಗಿರಲಿಲ್ಲ. ಹಡಗಿನ ಕ್ಯಾಪ್ಟನ್ ಡೆಕ್ಕಿನ ದೈನಂದಿನ ಚಿತ್ರಗಳನ್ನು ಹಂಚಿಕೊಳ್ಳುತ್ತ ಬಂದರು.

ಒಂದು ನಿಜ, ಒಂದು ಸುಳ್ಳು. ಕೇಳಿದ ಕ್ಷಣದಲ್ಲಿ ಯಾವುದು ಯಾವುದೆಂದು ತಿಳಿಯುವ ದಾರಿ ಆ ತಾಯಂದಿರಿಗೆ ಇರಲಿಲ್ಲ, ನಿಮ್ಮ ಗುಂಪಿಗೂ ಇಲ್ಲ. ಆದ್ದರಿಂದ ಗುಂಪಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಳ್ಳಿ: ಅಂತೆಕಂತೆಗಳನ್ನು ಹಾಕುವಂತಿಲ್ಲ. ನೌಕಾಪಡೆಯೇ ಪ್ರಕಟಿಸಿದ್ದನ್ನು ಮಾತ್ರ ಹಂಚಬಹುದು. ಮುರಿದವರನ್ನು ಎಲ್ಲರೆದುರು ಗದರಬೇಡಿ, ಭಯದಲ್ಲಿರುವ ತಾಯಿ ಅವಳು. ಒಬ್ಬರು ಪ್ರತ್ಯೇಕವಾಗಿ ಕರೆ ಮಾಡಿ ಮಾತನಾಡಲಿ.

ಆ ಕರೆಯೇ ಗುಂಪಿನ ನಿಜವಾದ ಕೆಲಸ ಎಂದು ನಾನು ನಂಬಿದ್ದೇನೆ. ಐವತ್ತು ಜನ ಒಟ್ಟಿಗೆ ಬರೆದುಕೊಳ್ಳುವ ಕಡೆ ಯಾರ ಭಯವೂ ಇಳಿಯುವುದಿಲ್ಲ, ಒಬ್ಬರದು ಇನ್ನೊಬ್ಬರಿಗೆ ಹತ್ತುತ್ತದೆ. ಇಬ್ಬಿಬ್ಬರು ಜೊತೆಯಾಗಿ. ಮಗನನ್ನು ಮೊದಲ ಬಾರಿ ಕಳುಹಿಸಿದವರಿಗೆ ಈ ಮೊದಲು ಒಂದೆರಡು ಯಾನಗಳನ್ನು ಕಂಡ ತಾಯಿಯೊಬ್ಬರು ಸಿಗಲಿ. ನಡುರಾತ್ರಿ ಎಚ್ಚರವಾದಾಗ ಹಿಂಜರಿಕೆಯಿಲ್ಲದೆ ಕರೆ ಮಾಡುವಂಥ ಒಂದು ನಂಬರು ಇರಬೇಕು. 'ಹೋದ ಸಲ ನನಗೂ ಹೀಗೇ ಆಗಿತ್ತು, ಆಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ಸಂದೇಶ ಬಂತು' ಎಂದು ಅನುಭವಿಸಿದವರು ಹೇಳಿದರೆ, ನನ್ನಂಥವರ ಹತ್ತು ವಿವರಣೆಗಿಂತ ಅದು ಹೆಚ್ಚು ಹಿಡಿಯುತ್ತದೆ.

ಪ್ರಶ್ನೆ: ಹಡಗುಗಳು ಎಲ್ಲಿವೆ ಎಂದು ತೋರಿಸುವ ಆ್ಯಪ್ ಒಂದನ್ನು ಗೆಳತಿ ಹಾಕಿಕೊಟ್ಟಿದ್ದಾಳೆ. ದಿನವಿಡೀ ಅದನ್ನೇ ನೋಡುತ್ತೇನೆ. ತಪ್ಪೇ?

ಉತ್ತರ: ತಪ್ಪಲ್ಲ, ಆದರೆ ಅದು ನಿಮಗೆ ಏನನ್ನೂ ಹೇಳುವುದಿಲ್ಲ. ಅಂಥ ಆ್ಯಪ್‌ಗಳು ಹಡಗು ತಾನೇ ಕಳುಹಿಸುವ ಸಂಕೇತವನ್ನು ಅವಲಂಬಿಸಿವೆ. ಸರಕು ಹಡಗುಗಳು ಅದನ್ನು ಕಳುಹಿಸಲೇಬೇಕು. ಯುದ್ಧನೌಕೆಗಳು ಬೇಕೆಂದಾಗ ಆರಿಸಿಬಿಡುತ್ತವೆ. ಜೊತೆಗೆ ಅದನ್ನು ನಕಲಿಯಾಗಿಯೂ ಸೃಷ್ಟಿಸಬಹುದು. 2021ರ ಜೂನ್‌ನಲ್ಲಿ ಬ್ರಿಟನ್ನಿನ ಡಿಫೆಂಡರ್ ಮತ್ತು ನೆದರ್ಲೆಂಡ್ಸ್‌ನ ಎವರ್ಟ್‌ಸೆನ್ ನೌಕೆಗಳು ರಾತ್ರಿ ರಷ್ಯಾದ ನೌಕಾನೆಲೆಯಿರುವ ಸೆವಸ್ಟೊಪೋಲ್‌ನತ್ತ ಹೋದಂತೆ ನಕ್ಷೆಯಲ್ಲಿ ಕಾಣಿಸಿತು. ನಿಜದಲ್ಲಿ ಎರಡೂ ಉಕ್ರೇನಿನ ಒಡೆಸಾ ಬಂದರಿನಲ್ಲಿ ಕಟ್ಟಿ ನಿಂತಿದ್ದವು, ಬಂದರಿನ ಕ್ಯಾಮೆರಾದಲ್ಲಿ ಅದು ದಾಖಲಾಗಿತ್ತು. ಆ ರಾತ್ರಿ ನಕ್ಷೆ ನೋಡಿ ಯಾವ ತಾಯಿಯ ಎದೆ ಎಷ್ಟು ಬಡಿದುಕೊಂಡಿತೋ. ಆ್ಯಪ್ ತೆಗೆದುಹಾಕಿ ಎಂಬುದೇ ನನ್ನ ಸಲಹೆ.

ಹಡಗು ಯಾವ ಬಂದರಿಗೆ ಯಾವಾಗ ಬರುತ್ತದೆ, ಮನೆಗೆ ಎಂದು ಮರಳುತ್ತದೆ ಎಂಬುದನ್ನು ಮಗ ಬಾಯಿತಪ್ಪಿ ಹೇಳಿದರೂ ಗುಂಪಿನಲ್ಲಿ ಹಾಕಬೇಡಿ. 'ಇನ್ನು ಇಷ್ಟು ದಿನ' ಎಂದು ಎಣಿಸಿ ಹಾಕುವುದೂ ದಿನಾಂಕ ಹೇಳಿದಂತೆಯೇ. ಅಷ್ಟಲ್ಲದೆ ಮರಳುವ ದಿನ ಮುಂದೆ ಹೋಗುವುದು ಸಾಮಾನ್ಯ. ದಿನಾಂಕಕ್ಕೆ ಮನಸ್ಸು ಕಟ್ಟಿಕೊಂಡವರು ಹೆಚ್ಚು ನೋಯುತ್ತಾರೆ.

ಪ್ರಶ್ನೆ: ಮಗನಿಗೆ ಮದುವೆಯಾಗಿ ಒಂದು ವರ್ಷ. ಹಡಗಿನ ಅಧಿಕೃತ ಸುದ್ದಿಯೆಲ್ಲ ಸೊಸೆಗೆ ಬರುತ್ತದೆ. ನಾನು ಕೇಳಿದರೆ 'ಏನೂ ಇಲ್ಲ ಅತ್ತೆ' ಎನ್ನುತ್ತಾಳೆ. ಹೆತ್ತ ನನಗೇಕೆ ತಿಳಿಸುವುದಿಲ್ಲ?

ಉತ್ತರ: ನಿಮ್ಮ ನೋವು ನ್ಯಾಯವಾದದ್ದು, ಆದರೆ ಅದರ ಕಾರಣ ಸೊಸೆಯಲ್ಲ. ಸೇವೆಗೆ ಸೇರುವಾಗ ನಾವಿಕ ತನ್ನ ಹತ್ತಿರದ ಸಂಬಂಧಿಕರ ವಿವರ ತುಂಬುತ್ತಾನೆ. ಮದುವೆಯಾದ ಮೇಲೆ ಸಾಮಾನ್ಯವಾಗಿ ಹೆಂಡತಿಯ ಹೆಸರು ಮೊದಲು ಬರುತ್ತದೆ. ಕುಟುಂಬಗಳಿಗೆ ಸುದ್ದಿ ತಲುಪಿಸುವ ವ್ಯವಸ್ಥೆಗಳೂ ಹೆಂಡತಿಯರನ್ನು ಎದುರಿಗಿಟ್ಟುಕೊಂಡೇ ಹುಟ್ಟಿದವು. ಅಮೆರಿಕದ ನೌಕಾಪಡೆಯಲ್ಲಿ 1970ರಲ್ಲಿ ಅಡ್ಮಿರಲ್ ಎಲ್ಮೊ ಜುಮ್‌ವಾಲ್ಟ್ ಅವರು ಹಡಗಿನ ಮುಖ್ಯಸ್ಥರಿಗೂ ಕುಟುಂಬಗಳಿಗೂ ನಡುವೆ ಒಂಬುಡ್ಸ್‌ಮನ್ ಎಂಬ ಸ್ವಯಂಸೇವಕ ಪ್ರತಿನಿಧಿಯನ್ನು ತಂದಾಗ, ಅದು ನಾವಿಕರ ಪತ್ನಿಯರಿಗೆಂದೇ ಇತ್ತು. ತಂದೆತಾಯಿಗೂ ಸುದ್ದಿ ಹೋಗಬೇಕಾದರೆ ನಾವಿಕನೇ ಅವರ ಹೆಸರು ಕೊಟ್ಟಿರಬೇಕು.

ತಾಯಂದಿರು ತಮ್ಮ ಸಂಘಗಳನ್ನು ತಾವೇ ಕಟ್ಟಿಕೊಳ್ಳಬೇಕಾದದ್ದು ಇಂಥ ಕಾರಣಗಳಿಂದಲೂ ಹೌದು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಸೇನೆಯಲ್ಲಿದ್ದವರ ತಾಯಂದಿರು ಒಟ್ಟುಗೂಡಿ ಆರಂಭಿಸಿದ ಬ್ಲೂ ಸ್ಟಾರ್ ಮದರ್ಸ್ ಇಂದಿಗೂ ನಡೆಯುತ್ತಿದೆ.

ಹಾಗಾಗಿ ಮಗನಿಂದ ಮುಂದಿನ ಸಂದೇಶ ಬಂದಾಗ, ಅಳದೆ, ದೂರು ಹೇಳದೆ ಒಂದೇ ಮಾತು ಬರೆಯಿರಿ: 'ಸುದ್ದಿ ತಲುಪುವವರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಪ್ಪ.' ಬಹಳಷ್ಟು ಹುಡುಗರಿಗೆ ಅದು ಹೊಳೆದಿರುವುದೇ ಇಲ್ಲ.

ಸೊಸೆಯ ಹತ್ತಿರ ಬೇರೆ ರೀತಿಯಲ್ಲಿ ಮಾತನಾಡಿ. ಮಗ ಅವಳಿಗೆ ಬರೆದದ್ದು ಅವಳದು, ಅದನ್ನು ಕೇಳಬೇಡಿ. ಹಡಗಿನಿಂದ ಎಲ್ಲ ಕುಟುಂಬಗಳಿಗೆಂದು ಬಂದದ್ದನ್ನು ಮಾತ್ರ ತಿಳಿಸು ಎಂದು ಒಪ್ಪಂದ ಮಾಡಿಕೊಳ್ಳಿ. 'ಏನೂ ಇಲ್ಲ ಅತ್ತೆ' ಎಂಬ ಮಾತು ನಿಜವೇ ಇರಬಹುದು. ನೀವು ಕಾಯುತ್ತಿರುವ ಮೌನವನ್ನೇ ಅವಳೂ ಕಾಯುತ್ತಿದ್ದಾಳೆ. ಗಂಡನಿಲ್ಲದ ಮನೆಯಲ್ಲಿ ಮೊದಲ ವರ್ಷ ಕಳೆಯುತ್ತಿರುವ ಹುಡುಗಿಗೆ 'ಊಟ ಮಾಡಿದೆಯಾ' ಎಂದು ಕೇಳುವವರು ಎಷ್ಟು ಜನರಿದ್ದಾರೆ? ಮೊದಲ ಕರೆ ನಿಮ್ಮದಾಗಲಿ, ಆ ಕರೆಯಲ್ಲಿ ಹಡಗಿನ ಮಾತು ಬೇಡ.

ಪ್ರಶ್ನೆ: ನನ್ನ ಮಾವನವರು ಆಸ್ಪತ್ರೆಯಲ್ಲಿದ್ದಾರೆ, ಸ್ಥಿತಿ ಚೆನ್ನಾಗಿಲ್ಲ. ತಾತನೆಂದರೆ ಮಗನಿಗೆ ಪ್ರಾಣ. ಹಡಗಿನಲ್ಲಿರುವವನಿಗೆ ಹೇಳಬೇಕೇ? ಗುಂಪಿನಲ್ಲಿ ಅರ್ಧ ಜನ ಹೇಳಿ ಎನ್ನುತ್ತಾರೆ, ಅರ್ಧ ಜನ ಬೇಡ ಎನ್ನುತ್ತಾರೆ.

ಉತ್ತರ: ಹೇಳಬೇಕು. ತಿಂಗಳುಗಳ ನಂತರ ಬಂದರಿಗೆ ಇಳಿದು ತಾತ ಇಲ್ಲವೆಂದು ಕೇಳಿದ ಹುಡುಗ, ಮುಂದೆ ನೀವು 'ಎಲ್ಲ ಚೆನ್ನಾಗಿದೆ' ಎಂದಾಗಲೆಲ್ಲ ಸಂಶಯ ಪಡುತ್ತಾನೆ. ಆದರೆ ಪಾಳಿಯ ನಡುವೆ ಒಬ್ಬನೇ ಓದುವಂತೆ ಮೊಬೈಲಿಗೆ ಕಳುಹಿಸಬೇಡಿ. ನೌಕಾಪಡೆಗಳಲ್ಲಿ ಸಾಮಾನ್ಯವಾಗಿ ತುರ್ತು ಸಂದೇಶಕ್ಕೆ ಅಧಿಕೃತ ದಾರಿಯಿರುತ್ತದೆ. ಅಮೆರಿಕದಲ್ಲಿ ಈ ಕೆಲಸವನ್ನು ರೆಡ್ ಕ್ರಾಸ್ ಮಾಡುತ್ತದೆ. ಆಸ್ಪತ್ರೆಯನ್ನು ಸಂಪರ್ಕಿಸಿ ಸಂಗತಿಯನ್ನು ಖಚಿತಪಡಿಸಿಕೊಂಡು ಹಡಗಿನ ಮುಖ್ಯಸ್ಥರಿಗೆ ತಲುಪಿಸುತ್ತದೆ. ಬೇರೆ ಕಡೆ ನೌಕಾನೆಲೆಯ ಕುಟುಂಬ ಕಲ್ಯಾಣ ಕಚೇರಿಯಂಥದ್ದನ್ನು ಕೇಳಿ ನೋಡಿ. ಆಗ ಮೇಲಧಿಕಾರಿಯೊಬ್ಬರು ಹುಡುಗನನ್ನು ಕರೆದು ಕೂರಿಸಿ ಹೇಳುತ್ತಾರೆ, ಕೇಳಿದ ಮೇಲೆ ಅವನ ಜೊತೆ ಯಾರಾದರೂ ಇರುತ್ತಾರೆ. ರಜೆ ಸಿಗುವುದು ಹಡಗು ಎಲ್ಲಿದೆ, ಯಾವ ಕೆಲಸದಲ್ಲಿದೆ ಎಂಬುದರ ಮೇಲೆ ನಿಂತಿದೆ. ಅದರ ಭರವಸೆ ಯಾರೂ ಕೊಡಲಾರರು.

ಮಗನ ಪೂರ್ಣ ಹೆಸರು, ದರ್ಜೆ, ಸೇವಾ ಸಂಖ್ಯೆ, ಹಡಗಿನ ಹೆಸರನ್ನು ಒಂದು ಕಾಗದದಲ್ಲಿ ಬರೆದು ಮನೆಯಲ್ಲಿಡಿ. ಅವನ್ನು ಗುಂಪಿನಲ್ಲಿ ಯಾರಿಗೂ ಕೊಡಬೇಡಿ. ಇಂಥ ವಿವರ ಹಿಡಿದು 'ನಿಮ್ಮ ಮಗನಿಗೆ ಅಪಘಾತವಾಗಿದೆ, ತಕ್ಷಣ ಹಣ ಕಳುಹಿಸಿ' ಎಂದು ಕರೆ ಮಾಡುವ ವಂಚಕರಿದ್ದಾರೆ. ಯಾವ ನೌಕಾಪಡೆಯೂ ಹೀಗೆ ಹಣ ಕೇಳುವುದಿಲ್ಲ.

ಪ್ರಶ್ನೆ: ನನ್ನ ಮಗನ ಹಡಗು ರಿಪೇರಿಗೆಂದು ದಡದಲ್ಲೇ ನಿಂತಿದೆ. ಸಮುದ್ರದಲ್ಲಿದ್ದಾಗ ಖುಷಿಯಾಗಿದ್ದವನು ಈಗ 'ಯಾವುದೂ ಬೇಡ ಅನಿಸುತ್ತಿದೆ ಅಮ್ಮ' ಎನ್ನುತ್ತಾನೆ. ಗುಂಪಿನಲ್ಲಿ ಹೇಳಿಕೊಂಡರೆ 'ದಡದಲ್ಲಿದ್ದಾನಲ್ಲ, ನೀವೇ ಪುಣ್ಯವಂತರು' ಎಂದರು. ಕ್ಯಾಪ್ಟನ್ನರಿಗೆ ಬರೆಯಲೇ?

ಉತ್ತರ: ಅವರು ಹೇಳಿದ್ದು ಸರಿಯಲ್ಲ. ರಿಪೇರಿಯ ಕಾಲ ನಾವಿಕರಿಗೆ ಬಹಳ ಭಾರವಾದದ್ದು. ಹಗಲಿರುಳು ಸದ್ದು, ಧೂಳು, ಕಲಿತ ವಿದ್ಯೆಗೆ ಕೆಲಸವಿಲ್ಲ, ಮುಗಿಯುವ ದಿನ ಕಾಣುವುದಿಲ್ಲ. 2022ರ ಏಪ್ರಿಲ್‌ನಲ್ಲಿ ರಿಪೇರಿಯಲ್ಲಿದ್ದ ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಮಾನವಾಹಕ ನೌಕೆಯ ಮೂವರು ನಾವಿಕರು ಒಂದೇ ವಾರದೊಳಗೆ ತಮ್ಮ ಪ್ರಾಣ ತಾವೇ ಕಳೆದುಕೊಂಡ ಮೇಲೆ, ಅಲ್ಲಿನ ಬದುಕಿನ ಸ್ಥಿತಿಯ ಬಗ್ಗೆ ಬಹಿರಂಗವಾಗಿ ಚರ್ಚೆ ನಡೆಯಿತು.

ಇವತ್ತೇ ಮಗನಿಗೆ ಕರೆ ಮಾಡಿ ನೇರವಾಗಿ ಕೇಳಿ: 'ಸಾಯಬೇಕು ಅನಿಸುತ್ತಿದೆಯಾ?' ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದ್ದರಿಂದ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ಅವನಿಗೊಂದು ದಾರಿ ಸಿಗುತ್ತದೆ. ಹೌದೆಂದರೆ, ಅಥವಾ ಉತ್ತರ ತಪ್ಪಿಸಿದರೆ, ಫೋನ್ ಇಡಬೇಡಿ. ಮನೆಯ ಇನ್ನೊಬ್ಬರಿಂದ ಹಡಗಿನ ಕರ್ತವ್ಯಾಧಿಕಾರಿಗೆ ಆಗಲೇ ಕರೆ ಮಾಡಿಸಿ. ದಡದಲ್ಲಿರುವ ಹಡಗಿನಲ್ಲೂ ದಿನದ ಇಪ್ಪತ್ನಾಲ್ಕು ಗಂಟೆ ಕರ್ತವ್ಯದಲ್ಲಿ ಅಧಿಕಾರಿಯೊಬ್ಬರು ಇದ್ದೇ ಇರುತ್ತಾರೆ. ಮಗ ಹೊರಗಿದ್ದರೆ ಆ ಊರಿನ ತುರ್ತು ಸೇವೆಗೆ ಕರೆ ಮಾಡಿ. ಅವನಿಗೆ ಕೋಪ ಬರಬಹುದು, ಬರಲಿ.

ಅಷ್ಟು ತುರ್ತಿಲ್ಲವೆಂದು ಅವನ ಮಾತಿನಿಂದ ಸ್ಪಷ್ಟವಾದರೆ, ಕ್ಯಾಪ್ಟನ್ನರಿಗೆ ಬರೆಯುವ ಮೊದಲು ಹಡಗಿನ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣುವಂತೆ ಅವನನ್ನೇ ಒಪ್ಪಿಸಿ, ಯಾವ ದಿನ ಹೋಗುತ್ತಾನೆಂದು ಕೇಳಿ, ಆ ದಿನ ಮತ್ತೆ ಕರೆ ಮಾಡಿ. ಗುಂಪಿನಲ್ಲಿ ಮಾತ್ರ ಇದನ್ನು ಇನ್ನು ಮುಂದೆ ಬರೆಯಬೇಡಿ. ಆ ತಾಯಂದಿರ ಮಕ್ಕಳು ಅವನ ಜೊತೆಯಲ್ಲೇ ಇದ್ದಾರೆ, ಮಾತು ತಿರುಗಿ ಅವನನ್ನೇ ತಲುಪುತ್ತದೆ. ನಿಮಗೆ ಹೇಳಿಕೊಳ್ಳಲೇಬೇಕಿದ್ದರೆ ಬೇರೆ ಹಡಗಿನ ನಾವಿಕನ ತಾಯಿಯೊಬ್ಬರನ್ನು ಹುಡುಕಿಕೊಳ್ಳಿ.