ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ? ಬೊಜ್ಜಿನ ಕುರಿತು ಓದುಗರ ಪ್ರಶ್ನೆಗಳು

ಮನೆಯಲ್ಲಿ ಯಾರೂ ಹೊಟ್ಟೆಬಾಕರಲ್ಲ, ಹೋಟೆಲಿಗೆ ಹೋಗುವುದೂ ಅಪರೂಪ. ಆದರೂ ನಾಲ್ವರಿಗೂ ಹೊಟ್ಟೆ ಬಂದಿದೆ. ಬಾಯಿ ಕಟ್ಟದಿರುವುದೇ ಕಾರಣ ಎನ್ನುತ್ತಾರೆ ನಮ್ಮತ್ತೆ. ನಿಜವೇ?
– ಗೃಹಿಣಿ, ದಾವಣಗೆರೆ

ಅತ್ತೆಯವರ ಮಾತನ್ನು ಪೂರ್ತಿ ಒಪ್ಪಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಅತಿತೂಕ ಅಥವಾ ಬೊಜ್ಜಿರುವ ಮಹಿಳೆಯರು 2015–16ರಲ್ಲಿ ಶೇ 23.3ರಷ್ಟಿದ್ದರು. 2019–21ರ ಹೊತ್ತಿಗೆ ಅದು ಶೇ 30.1 ಆಯಿತು. ಗಂಡಸರಲ್ಲಿ ಶೇ 22.1ರಿಂದ 30.9ಕ್ಕೆ ಏರಿತು. ನಾಲ್ಕೈದು ವರ್ಷದಲ್ಲಿ ಇಡೀ ರಾಜ್ಯದ ಜನಕ್ಕೆ ಒಟ್ಟಿಗೇ ಬಾಯಿಚಪಲ ಹತ್ತುವುದಿಲ್ಲ. ಬದಲಾಗಿದ್ದು ಏನು ಅಗ್ಗ, ಏನು ಕೈಗೆ ಸಿಗುತ್ತದೆ, ದಿನಕ್ಕೆ ಎಷ್ಟು ಹೊತ್ತು ಕೂರುತ್ತೇವೆ ಎಂಬುದು. ಅಕ್ಕಿ, ಸಕ್ಕರೆ, ಪಾಮ್ ಎಣ್ಣೆ ಸುಲಭವಾಗಿ ಸಿಗುತ್ತವೆ. ಬೇಳೆ, ತರಕಾರಿ, ಹಣ್ಣಿಗೆ ಜೇಬು ನೋಡಿಕೊಳ್ಳಬೇಕು.

ನಿಮ್ಮ ಮನೆಯ ಮಟ್ಟಿಗೆ ಮೊದಲು ಎಣ್ಣೆಯ ಲೆಕ್ಕ ಹಾಕಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 2000 ಕ್ಯಾಲೊರಿಯ ಊಟದಲ್ಲಿ ಎಣ್ಣೆ, ತುಪ್ಪ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 27 ಗ್ರಾಂ. ನಾಲ್ವರಿಗೆ ತಿಂಗಳಿಗೆ 3,240 ಗ್ರಾಂ, ಅಂದರೆ ಸುಮಾರು ಮೂರೂವರೆ ಲೀಟರ್. ನಿಮ್ಮಲ್ಲಿ ಆರು ಲೀಟರ್ ಖರ್ಚಾಗುತ್ತಿದ್ದರೆ ತಲೆಗೆ 45 ಗ್ರಾಂ ಬೀಳುತ್ತದೆ. ಹೆಚ್ಚುವರಿ 18 ಗ್ರಾಂ ಅಂದರೆ ದಿನಕ್ಕೆ 160 ಕ್ಯಾಲೊರಿ. ತಟ್ಟೆಯಲ್ಲಿ ಅದು ಕಾಣಿಸುವುದೂ ಇಲ್ಲ, ಹೊಟ್ಟೆ ತುಂಬಿಸುವುದೂ ಇಲ್ಲ.

ಒಂದನೇ ತಾರೀಖು ತಿಂಗಳ ಎಣ್ಣೆಯನ್ನು ಬೇರೆ ಡಬ್ಬಕ್ಕೆ ಹಾಕಿಟ್ಟು, ಒಗ್ಗರಣೆಗೆ 5 ಮಿಲಿಯ ಚಮಚವನ್ನೇ ಬಳಸಿ. ಕ್ಯಾನಿನಿಂದ ನೇರ ಸುರಿದರೆ ಅಳತೆ ತಪ್ಪುತ್ತದೆ. ಆರರಿಂದ ಮೂರೂವರೆಗೆ ಒಮ್ಮೆಲೇ ಇಳಿಸಬೇಡಿ. ಪಲ್ಯ ರುಚಿಯಿಲ್ಲ ಎಂದು ಮನೆಯವರು ಮಂಡಕ್ಕಿ-ಮಿರ್ಚಿ ಅಂಗಡಿಗೆ ಹೋದರೆ ಉಳಿಸಿದ್ದೆಲ್ಲ ಅಲ್ಲೇ ಮುಗಿಯುತ್ತದೆ. ತಿಂಗಳಿಗೆ ಅರ್ಧ ಲೀಟರಿನಂತೆ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಬಜ್ಜಿ, ಹಪ್ಪಳ ಕರಿಯುವ ಎಣ್ಣೆಯೂ ಇದೇ ಡಬ್ಬದಿಂದ ಹೋಗಬೇಕು. ಗಾಣದ ಎಣ್ಣೆಯಾಗಲಿ, ‘ಹೃದಯಕ್ಕೆ ಒಳ್ಳೆಯದು’ ಎಂದು ಬರೆದುಕೊಂಡ ಎಣ್ಣೆಯಾಗಲಿ, ಗ್ರಾಮಿಗೆ 9 ಕ್ಯಾಲೊರಿಯೇ.

ಆಮೇಲೆ ಸಕ್ಕರೆ. ದಿನಕ್ಕೆ 25 ಗ್ರಾಂ ಮಿತಿ. ಎರಡು ಚಮಚ ಹಾಕಿದ ಕಾಫಿ ನಾಲ್ಕು ಸಲ ಕುಡಿದರೆ ಸಿಹಿತಿಂಡಿ ಮುಟ್ಟದೆಯೇ 40 ಗ್ರಾಂ ಆಯಿತು. ಬೆಲ್ಲಕ್ಕೆ ಬದಲಾಯಿಸಿದರೆ ಲಾಭವಿಲ್ಲ.

ನನ್ನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕ) 23.8. ನೋಡಲು ಸಣ್ಣಗೇ ಇದ್ದೇನೆ, ಕೈಕಾಲು ಕಡ್ಡಿ. ಡಾಕ್ಟರು ಮಾತ್ರ ಹೊಟ್ಟೆ ಕರಗಿಸಿ ಎನ್ನುತ್ತಾರೆ.
– ಬ್ಯಾಂಕ್ ಉದ್ಯೋಗಿ, ಮೈಸೂರು

ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ಭಾರತೀಯರಿಗೆ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು. ಅಂತರರಾಷ್ಟ್ರೀಯ ಪಟ್ಟಿಯ 25 ಮತ್ತು 30 ನಮಗಲ್ಲ. ಇದಕ್ಕೆ ಸಾಕ್ಷಿ ನಿಮ್ಮ ಊರಲ್ಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಬ್ರಿಟನ್ನಿನ ಕೂಸುಗಳಿಗಿಂತ ತೂಕ ಕಡಿಮೆಯಿದ್ದರೂ ಬೆನ್ನಿನ ಮೇಲ್ಭಾಗದ ಚರ್ಮದಡಿ ಕೊಬ್ಬು ಮಾತ್ರ ಕಡಿಮೆಯಿರಲಿಲ್ಲ. ಪುಣೆಯಲ್ಲೂ ಹೀಗೇ ಕಂಡುಬಂತು. ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ ಎಂಬ ಈ ಮೈಕಟ್ಟಿಗೆ ತಕ್ಕಡಿ ನಂಬಿದರೆ ಮೋಸ.

ಟೇಪು ಹಿಡಿಯಿರಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂತು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಉಸಿರು ಬಿಟ್ಟು ಅಳೆಯಿರಿ, ಹೊಟ್ಟೆ ಎಳೆದುಕೊಳ್ಳಬೇಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಸೈಜು ಇಪ್ಪತ್ತು ವರ್ಷ ಹಾಗೇ ಇರುತ್ತದೆ.

ದಿನಾ ಒಂದು ಗಂಟೆ ಪಾರ್ಕಿನಲ್ಲಿ ನಡೆಯುತ್ತೇನೆ. ಆರು ತಿಂಗಳಾದರೂ ಒಂದು ಕಿಲೋ ಇಳಿದಿಲ್ಲ.
– ನಿವೃತ್ತ ನೌಕರ, ಬೆಂಗಳೂರು

65 ಕಿಲೋ ತೂಕದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 220 ಕ್ಯಾಲೊರಿ. ಅದರಲ್ಲಿ 60–65 ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿತ್ತು. ವಾಕಿಂಗ್ ಮುಗಿಸಿ ಗೆಳೆಯರೊಡನೆ ದರ್ಶಿನಿಯಲ್ಲಿ ಒಂದು ವಡೆ, ಸಕ್ಕರೆ ಹಾಕಿದ ಕಾಫಿ ಆದರೆ ಲೆಕ್ಕ ಚುಕ್ತಾ. ಹಾಗಂತ ನಡಿಗೆ ಬಿಡಬೇಡಿ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಅದು ಒಳ್ಳೆಯದು. ತೂಕ ಇಳಿಸುವ ಕೆಲಸ ಮಾತ್ರ ತಟ್ಟೆಯಲ್ಲೇ ಆಗಬೇಕು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ಹತ್ತು ಹತ್ತರಂತೆ ಮೂರು ಸಲ ಮಾಡಿ. ಸ್ನಾಯು ಉಳಿಯುತ್ತದೆ.

ಅನ್ನ ಬಿಟ್ಟು ಮುದ್ದೆ ತಿಂದರೆ ಸಣ್ಣ ಆಗ್ತಾರಾ?
– ಮಂಡ್ಯದಿಂದ ಒಬ್ಬರು

ನೂರು ಗ್ರಾಂ ರಾಗಿಹಿಟ್ಟಿಗೂ ನೂರು ಗ್ರಾಂ ಅಕ್ಕಿಗೂ ಕ್ಯಾಲೊರಿಯಲ್ಲಿ ಅಂಥ ಅಂತರವಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ಹಸಿವು ತಡ. ಎರಡು ಮುದ್ದೆ ನುಂಗಿ ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಏನೂ ಆಗದು. ಒಂದು ಮುದ್ದೆ, ಜೊತೆಗೆ ಗಟ್ಟಿ ಬಸ್ಸಾರು, ಅದರ ಸೊಪ್ಪು-ಕಾಳಿನ ಪಲ್ಯ ಮುದ್ದೆಗಿಂತ ಹೆಚ್ಚಿಗೆ.

ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಶಾಲೆ ಗೇಟಿನೆದುರು ಮೂರು ಅಂಗಡಿ, ಮೂರರಲ್ಲೂ ಚಿಪ್ಸು, ಕೂಲ್‌ಡ್ರಿಂಕ್ಸು. ತಡೆಯಲು ದಾರಿಯಿದೆಯೇ?
– ಹಾಸನ ಜಿಲ್ಲೆ

ಇದೆ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ ಯಾವುದೇ ದಿಕ್ಕಿನಲ್ಲಿ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ನಿಯಮ ಹೇಳುತ್ತದೆ. ಗೇಟಿನಿಂದ 50 ಮೀಟರ್ ಟೇಪು ಹಿಡಿದು ಅಳೆದು, ಫೋಟೊ ಸಹಿತ ಸಭೆಯಲ್ಲಿ ನಿರ್ಣಯ ಬರೆಸಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಇನ್ನೊಂದು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಅಂಗಡಿಯವರನ್ನು ಶತ್ರು ಮಾಡಿಕೊಂಡರೆ ಕೆಲಸ ಕೆಡುತ್ತದೆ. ಚಿಪ್ಸ್ ಪೊಟ್ಟಣ ಗೇಟಿನಿಂದ ಹಿತ್ತಲಿಗೆ ಹೋಗುತ್ತದೆ, ಅಷ್ಟೇ. ಅದೇ ಐದು ಹತ್ತು ರೂಪಾಯಿಗೆ ಚಿಕ್ಕಿ, ಬೇಯಿಸಿದ ಕಡಲೆಕಾಯಿ, ಬಾಳೆಹಣ್ಣು ಇಡಲು ಒಪ್ಪಿಸಿ. ಶಾಲೆಯಲ್ಲಿ ಕುಡಿಯುವ ನೀರಿನ ನಲ್ಲಿ ಸರಿಯಿದೆಯೇ ನೋಡಿ. ನೀರಿಲ್ಲದ ಶಾಲೆಯ ಮಕ್ಕಳು ಬಾಟಲಿ ಕೊಳ್ಳುತ್ತಾರೆ. ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ‘ಸಕ್ಕರೆ ಫಲಕ’ ಹಾಕಲು ಹೇಳಿದೆ. ನಿಮ್ಮ ಮಕ್ಕಳೇ ಮಾಡಬಹುದು: 100 ಮಿಲಿ ಕೋಲಾದಲ್ಲಿ ಸುಮಾರು 10–11 ಗ್ರಾಂ ಸಕ್ಕರೆ ಇರುತ್ತದೆ, ಬಾಟಲಿಯ ಪಕ್ಕ ಅಷ್ಟು ಸಕ್ಕರೆ ತೂಗಿ ಕಟ್ಟಿದ ಪೊಟ್ಟಣ ನೇತುಹಾಕಲಿ. ಒಂದು ಎಚ್ಚರ: ತರಗತಿಯೆದುರು ಮಕ್ಕಳ ತೂಕ ಕೂಗಿ ಹೇಳಬೇಡಿ. ‘ಡುಮ್ಮ’ ಎನಿಸಿಕೊಂಡ ಮಗು ಆಟದ ಮೈದಾನಕ್ಕೇ ಬರುವುದಿಲ್ಲ.

ಸಿಹಿ ಪಾನೀಯ, ಕುರುಕಲು ತಿಂಡಿಗೆ ತೆರಿಗೆ ಹಾಕಿದರೆ ಬೊಜ್ಜು ಇಳಿಯುತ್ತದೆಯೇ? ಬಡವರಿಗೆ ಹೊರೆಯಲ್ಲವೇ?
– ಪದವಿ ವಿದ್ಯಾರ್ಥಿನಿ, ಕಲಬುರಗಿ

ತೆರಿಗೆ ಹೇಗೆ ಹಾಕುತ್ತಾರೆ ಎಂಬುದರ ಮೇಲಿದೆ. ಮೆಕ್ಸಿಕೊ 2014ರಲ್ಲಿ ಸಕ್ಕರೆ ಪಾನೀಯದ ಮೇಲೆ ಲೀಟರಿಗೆ ಒಂದು ಪೆಸೊ ಹಾಕಿತು, ಕೊಳ್ಳುವಿಕೆ ಇಳಿಯಿತು. ಬ್ರಿಟನ್ 2018ರಲ್ಲಿ ಇನ್ನೂ ಜಾಣತನ ತೋರಿಸಿತು: 100 ಮಿಲಿಗೆ 5 ಗ್ರಾಂ ಸಕ್ಕರೆ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಹೆಚ್ಚಿನ ದರ. ತೆರಿಗೆ ಜಾರಿಗೆ ಬರುವ ಮೊದಲೇ ಹಲವು ಕಂಪನಿಗಳು ಸಕ್ಕರೆ ಇಳಿಸಿದವು. ಗ್ರಾಹಕ ಏನನ್ನೂ ಬಿಡಬೇಕಾಗಲಿಲ್ಲ.

ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಿಂದ ಕೂಲ್‌ಡ್ರಿಂಕ್ಸಿಗೆ ಶೇ 40 ಜಿಎಸ್‌ಟಿ. ಸಕ್ಕರೆ ಇರಲಿ, ಇಲ್ಲದಿರಲಿ ಒಂದೇ ದರ. ಹಾಗಾಗಿ ಸಕ್ಕರೆ ಇಳಿಸಿದ ಕಂಪನಿಗೆ ಲಾಭವಿಲ್ಲ. ಅದೇ ದಿನ ಬಿಸ್ಕತ್ತು, ಚಾಕೊಲೇಟು, ಕುರುಕಲು ತಿಂಡಿಗಳ ದರ ಶೇ 5ಕ್ಕೆ ಇಳಿಯಿತು. ಒಂದು ಕೈಯಲ್ಲಿ ತಡೆದು ಇನ್ನೊಂದು ಕೈಯಲ್ಲಿ ಕೊಟ್ಟಂತಾಯಿತು. ಕೇರಳ 2016ರಲ್ಲಿ ಬ್ರ್ಯಾಂಡೆಡ್ ರೆಸ್ಟೊರೆಂಟುಗಳ ಪಿಜ್ಜಾ, ಬರ್ಗರಿಗೆ ಶೇ 14.5 ಹಾಕಿತು. ಪರೋಟ, ಬಾಳೆಕಾಯಿ ಚಿಪ್ಸು ಹೊರಗುಳಿದವು. ಮರುವರ್ಷ ಜಿಎಸ್‌ಟಿ ಬಂದು ಅದೂ ಹೋಯಿತು.

ಬಡವರ ಹೊರೆಯ ಪ್ರಶ್ನೆಗೆ ಉತ್ತರ ಪಡಿತರದಲ್ಲಿದೆ. ತೆರಿಗೆಯ ಹಣ ಬೇಳೆಗೆ, ರಾಗಿ-ಜೋಳಕ್ಕೆ, ಮಕ್ಕಳ ಮೊಟ್ಟೆಗೆ ಹೋದರೆ ಅದನ್ನು ಹೊರೆ ಎನ್ನಲಾಗದು. ಜೊತೆಗೆ ಪೊಟ್ಟಣದ ಮುಖಭಾಗದಲ್ಲಿ ಎಚ್ಚರಿಕೆ ಬೇಕು. ಚಿಲಿ 2016ರಿಂದ ‘ಸಕ್ಕರೆ ಹೆಚ್ಚು’ ಎಂದು ಕಪ್ಪು ಅಷ್ಟಕೋನ ಮುದ್ರಿಸುತ್ತದೆ, ಅದಿರುವ ತಿನಿಸನ್ನು ಶಾಲೆಯಲ್ಲಿ ಮಾರುವಂತಿಲ್ಲ. ನಮ್ಮಲ್ಲಿ 2022ರ ಕರಡು ನಿಯಮ ಸೂಚಿಸಿದ್ದು ನಕ್ಷತ್ರದ ಅಂಕ, ತಿನಿಸು ಒಳ್ಳೆಯದಾದಷ್ಟೂ ಹೆಚ್ಚು ನಕ್ಷತ್ರ. ಸಕ್ಕರೆ ತುಂಬಿದ ಬಿಸ್ಕತ್ತಿಗೆ ಒಂದಿಷ್ಟು ನಾರು ಬೆರೆಸಿ ನಕ್ಷತ್ರ ಗಿಟ್ಟಿಸಲು ಅಲ್ಲಿ ಅವಕಾಶವಿದೆ.

ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳಬಹುದೇ?
– ಹುಬ್ಬಳ್ಳಿ

2025ರ ಮಾರ್ಚಿನಲ್ಲಿ ಟಿರ್ಜೆಪಟೈಡ್ ಎಂಬ ಇಂಥ ಇಂಜೆಕ್ಷನ್ ಭಾರತಕ್ಕೆ ಬಂತು. ಕೆಲಸ ಮಾಡುತ್ತದೆ, ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ. ಕೊಬ್ಬಿನ ಜೊತೆ ಸ್ನಾಯುವೂ ಕರಗುವುದರಿಂದ ಬೇಳೆ, ಮೊಸರು, ಮೊಟ್ಟೆ ಹೆಚ್ಚಿಸಬೇಕು, ಭಾರ ಎತ್ತುವ ವ್ಯಾಯಾಮವೂ ಬೇಕು. ಮೇದೋಜೀರಕದ ಉರಿಯೂತ ಆಗಿದ್ದವರು, ಮನೆತನದಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇರುವವರು, ಗರ್ಭ ಧರಿಸಲು ಯೋಚಿಸುತ್ತಿರುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಜಿಮ್ಮು, ಬ್ಯೂಟಿಪಾರ್ಲರುಗಳಲ್ಲಿ ಯಾರಾದರೂ ಚುಚ್ಚಲು ಬಂದರೆ ಬೇಡವೆನ್ನಿ.