ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಸೈನಿಕರು ಮನೆಗೆ ಹೋಗದೆ ಫ್ರೈಕೋರ್ ಸೇರಿದ್ದು ಯಾಕೆ?

ಮಂಗಳೂರಿನ ಕಾಲೇಜಿನಲ್ಲಿ ಸೆಮಿನಾರಿಗೆ ಬೇಕು ಅಂತ ಬರೆದಿದ್ದೀರಿ. ಹಾಗಾದರೆ ಮೊದಲು ಶಬ್ದ ನೋಡಿಕೊಳ್ಳಿ. ಫ್ರೈಕೋರನ್ನು 'ಅರೆಸೇನಾ ಪಡೆ' ಅಂದ ಕೂಡಲೇ ನಮ್ಮವರಿಗೆ ಸಿಆರ್‌ಪಿಎಫ್, ಬಿಎಸ್‌ಎಫ್ ನೆನಪಾಗುತ್ತವೆ. ಅವು ಕಾನೂನು ಮಾಡಿ ಕಟ್ಟಿದ ಪಡೆಗಳು. ಫ್ರೈಕೋರ್ ಅಂದರೆ ಒಬ್ಬ ಅಧಿಕಾರಿ ತನ್ನ ಸುತ್ತ ಜನ ಸೇರಿಸಿ ಕಟ್ಟಿದ ತಂಡ, ಎಷ್ಟೋ ಸಲ ಅವನದೇ ಹೆಸರು. ಖರ್ಚು ಮಾತ್ರ ಬಹುಪಾಲು ಸರಕಾರದ್ದು. ಇಡೀ ಗೋಳಿನ ಬೇರು ಇಲ್ಲೇ ಉಂಟು.

ಸೈನಿಕರೆಲ್ಲ ಹೋಗಿ ಸೇರಿದರು ಅಂತ ಬರೆಯಬೇಡಿ. 1918ರ ನವೆಂಬರ್ 11ಕ್ಕೆ ಕದನವಿರಾಮವಾದಾಗ ಸೇನೆಯಲ್ಲಿದ್ದವರು ಸುಮಾರು 60 ಲಕ್ಷ. ಫ್ರೈಕೋರ್‌ಗೆ ಬಂದವರು, ಸಾಮಾನ್ಯವಾಗಿ ಹೇಳುವ ಅಂದಾಜಿನಲ್ಲಿ, 4 ಲಕ್ಷದವರೆಗೆ. ಅದರಲ್ಲೂ ಯುದ್ಧಭೂಮಿಯನ್ನೇ ಕಾಣದ ವಿದ್ಯಾರ್ಥಿಗಳು ಧಾರಾಳ ಇದ್ದರು.

ಕಮ್ಯುನಿಸ್ಟರ ಮೇಲಿನ ಸಿಟ್ಟು ಒಂದು ಕಾರಣ, ಒಪ್ಪೋಣ. ಆದರೆ ಊರಲ್ಲಿ ಕೆಲಸವಿಲ್ಲ, ಇಲ್ಲಿ ಸಂಬಳ, ಊಟ, ಬೂಟು ಸಿಗುತ್ತದೆ, ಗುರುತಿನ ಅಧಿಕಾರಿಯೂ ಇದ್ದಾನೆ. ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಅಧಿಕಾರಿಗಳ ಪಾಡು ಬೇರೆ: 1919ರ ವರ್ಸೇಲ್ಸ್ ಒಪ್ಪಂದ ಸೇನೆಯನ್ನು 1 ಲಕ್ಷಕ್ಕೆ, ಅಧಿಕಾರಿಗಳನ್ನು 4,000ಕ್ಕೆ ಇಳಿಸಿತು. ಉಳಿದವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಲಾಟ್ವಿಯಾದ ಉದಾಹರಣೆ ಖಂಡಿತ ಹಾಕಿ. ಬೋಲ್ಶೆವಿಕ್ (ರಷ್ಯಾದ ಕಮ್ಯುನಿಸ್ಟ್) ಸೇನೆ ಹತ್ತಿರ ಬರುತ್ತಿದ್ದಾಗ, 1918ರ ಡಿಸೆಂಬರ್ 29ರಂದು ಅಲ್ಲಿನ ಪ್ರಧಾನಿ ಉಲ್ಮಾನಿಸ್ ಸರಕಾರ ಜರ್ಮನಿಯ ಪ್ರತಿನಿಧಿಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಕನಿಷ್ಠ 4 ವಾರ ಹೋರಾಡಿದ ಜರ್ಮನ್ ಸ್ವಯಂಸೇವಕನಿಗೆ ಪೌರತ್ವ, ಅಷ್ಟೇ. ಜರ್ಮನಿಯಲ್ಲಿ ಜನ ಸೇರಿಸಲು ಕೂತವರು ಇದಕ್ಕೆ ಜಮೀನನ್ನೂ ಸೇರಿಸಿ ಸಾರಿದರು. ನಮ್ಮಲ್ಲಿ ಮಾಜಿ ಸೈನಿಕರು ಸರಕಾರಿ ಜಾಗಕ್ಕೆ ಅರ್ಜಿ ಹಾಕುತ್ತಾರಲ್ಲ, ಹಾಗೇನೋ ಸಿಗುತ್ತದೆ ಅಂತ ನಂಬಿ ಹೋದವರು ಅವರು. ಕಾಗದದಲ್ಲಿ ಜಮೀನಿನ ಮಾತೇ ಇರಲಿಲ್ಲ. 1919ರ ಮೇ 22ಕ್ಕೆ ಲಾಟ್ವಿಯಾದ ರಾಜಧಾನಿ ರೀಗಾ ಹಿಡಿದುಕೊಟ್ಟರೂ ಜಾಗ ಬರಲಿಲ್ಲ. ವಾಪಸು ಬರುವಾಗ ಅವರ ಸಿಟ್ಟು ಬರ್ಲಿನ್ ಸರಕಾರದ ಮೇಲೆ ತಿರುಗಿತ್ತು.

ಇಂಥ ಪಡೆ ಕಟ್ಟುವುದು ಸುಲಭ, ಬಿಚ್ಚುವುದು ಕಷ್ಟ ಮಾರಾಯ್ರೆ. 1920ರ ಫೆಬ್ರವರಿ ಕೊನೆಗೆ ಎರ್‌ಹಾರ್ಟ್ ಬ್ರಿಗೇಡ್ ಎಂಬ ಫ್ರೈಕೋರ್ ತಂಡವನ್ನು ವಿಸರ್ಜಿಸಲು ಸರಕಾರದ ಆದೇಶ ಬಂತು. ಬರ್ಲಿನ್ ಭಾಗದ ಸೇನೆಯ ಮುಖ್ಯಸ್ಥ ಜನರಲ್ ಲ್ಯೂಟ್ವಿಟ್ಸ್ ಆಗುವುದಿಲ್ಲ ಅಂದ. ಮಾರ್ಚ್ 13ರ ಬೆಳಗ್ಗೆ ಬ್ರಿಗೇಡು ಡ್ಯೋಬರಿಟ್ಸ್ ಶಿಬಿರದಿಂದ ನಡೆದೇ ಬರ್ಲಿನ್ ಹೊಕ್ಕಿತು, ಹೆಚ್ಚುಕಡಿಮೆ ಮಂಗಳೂರಿಂದ ಬಿ.ಸಿ. ರೋಡಿನಷ್ಟು ದೂರ. ಹೆಲ್ಮೆಟ್ಟಿನ ಮೇಲೆ ಸ್ವಸ್ತಿಕದ ಗುರುತು. ಹಿಟ್ಲರ್ ಆಗಿನ್ನೂ ಯಾರಿಗೂ ಗೊತ್ತಿಲ್ಲದ ಮನುಷ್ಯ. ಸೇನೆ ಗುಂಡು ಹಾರಿಸಲಿಲ್ಲ. ಈ ದಂಗೆಯಲ್ಲಿ ಲ್ಯೂಟ್ವಿಟ್ಸ್ ಜೊತೆಗಿದ್ದ ಬಲಪಂಥೀಯ ರಾಜಕಾರಣಿ ಕಾಪ್ ತಾನೇ ಚಾನ್ಸಲರ್ (ಸರಕಾರದ ಮುಖ್ಯಸ್ಥ) ಅಂದುಕೊಂಡ. ಕಾರ್ಮಿಕರು ಮುಷ್ಕರ ಹೂಡಿದರು: ಕರೆಂಟಿಲ್ಲ, ರೈಲಿಲ್ಲ, ರೈಶ್‌ಬ್ಯಾಂಕಿನಿಂದ (ದೇಶದ ಕೇಂದ್ರ ಬ್ಯಾಂಕು) ದುಡ್ಡೂ ಹೊರಡಲಿಲ್ಲ. 17ಕ್ಕೆ ಎಲ್ಲ ಮುಗಿಯಿತು. ಸರಕಾರದ ಮಾತು ಕೇಳದ ಪಡೆ ಮುಷ್ಕರದ ಮುಂದೆ, ದುಡ್ಡಿಲ್ಲದೆ ನಿಂತಿತು.

ಹೋಲಿಕೆಗೆ ಐರ್ಲೆಂಡಿನ 'ಬ್ಲ್ಯಾಕ್ ಆ್ಯಂಡ್ ಟ್ಯಾನ್ಸ್' ತೆಗೆದುಕೊಳ್ಳಿ. ಐರಿಷ್ ಸ್ವಾತಂತ್ರ್ಯ ಹೋರಾಟ ಹತ್ತಿಕ್ಕಲು 1920ರಲ್ಲಿ ದಿನಕ್ಕೆ 10 ಶಿಲ್ಲಿಂಗಿಗೆ ಅಲ್ಲಿನ ಪೊಲೀಸ್ ಪಡೆಗೆ ಸೇರಿದ ಬ್ರಿಟಿಷ್ ಮಾಜಿ ಸೈನಿಕರು. ಸಮವಸ್ತ್ರ ಸಾಲದೆ ಸೇನೆಯ ಖಾಕಿ, ಪೊಲೀಸರ ಕಪ್ಪಾಗಿ ಕಾಣುವ ಕಡುಹಸಿರು ಬೆರಕೆ ಹಾಕಿದ್ದಕ್ಕೆ ಆ ಹೆಸರು. ಕಂದಕದಲ್ಲಿ ಕಲಿತವರಿಗೆ ಕೆಲವೇ ವಾರಗಳ ಪೊಲೀಸ್ ತರಬೇತಿ; ಊರಿಗೆ ಬೆಂಕಿ ಹಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಇವರು ಸರಕಾರದ ಪೊಲೀಸ್ ಪಟ್ಟಿಯಲ್ಲೇ ಇದ್ದವರು, ಹಾಗಾಗಿ 1922ರಲ್ಲಿ ಆ ಪಡೆಯನ್ನೇ ಮುಚ್ಚಿದಾಗ ಲಂಡನ್ನಿನ ಮೇಲೆ ಯಾರೂ ದಂಡೆತ್ತಿ ಹೋಗಲಿಲ್ಲ.